ದವಾಖಾನೆಯ ವಹಿಯಲ್ಲಿ ಸತ್ತ ಉದ್ದವ್ವ

ಮಮದಾಪುರದ ಸೂಲಗಿತ್ತಿ ಉದ್ದವ್ವ ಸತ್ತ ದಿನ ಮಧ್ಯಾಹ್ನ ಮೂರು ರೊಟ್ಟಿ, ಝುಣಕ ತಿಂದು, ಮೇಲೊಂದು ತಂಬಿಗೆ ಮಜ್ಜಿಗೆ ಕುಡಿದು, ಪಡಸಾಲೆಯ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಎದುರಿಗೇ ಅವಳ ಗಂಡ ಯಲ್ಲಾರಿ, ಸಾಲಿ ಮಾಸ್ತರ ಪರಪ್ಪನನ್ನು ಕೂರಿಸಿಕೊಂಡು ಅವಳು ಸತ್ತ ಸುದ್ದಿಯ ಕಾರ್ಡು ಬರೆಸುತ್ತಿದ್ದ. ಇದು ೧೯೩೮ರ ಮಾತು.

ಗಾಬರಿಯಾಗಬೇಡಿ. ಅಂದು ಬೆಳಿಗ್ಗೆ ಉದ್ದವ್ವ ಅಂಗಳದಲ್ಲಿ ತಲೆ ಒಣಗಿಸುತ್ತ ನಿಂತಾಗ ಕಾಗೆಯೊಂದು ಬಂದು ನೆತ್ತಿಗೆ ರಪ್ಪನೆ ಬಡಿದು ಹೋಗಿತ್ತು. ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನು ಹತ್ತಿತೆಂದೇ ನಮ್ಮವರ ನಂಬಿಕೆ. ಅದಕ್ಕೆ ಪರಿಹಾರವೂ ಒಂದೇ. ಸತ್ತರೆಂದು ನೆಂಟರಿಗೆಲ್ಲ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಒಂದು ಹನಿ ಖರೆ ಕಣ್ಣೀರು ಹಾಕಿದರೆ ಯಮ ತನ್ನ ಕೆಲಸ ಮುಗಿಯಿತೆಂದು ಹೊರಟುಹೋಗುತ್ತಾನೆ. ಅವನೂ ಪಾಪ, ಗೋಕಾಕ ಸೀಮೆಯವನೇ ಇರಬೇಕು, ಕಾರ್ಡಿನಲ್ಲಿ ಬಂದದ್ದನ್ನೆಲ್ಲ ನಂಬುತ್ತಾನೆ. ಎರಡು ದಿನ ಬಿಟ್ಟು "ಸುಳ್ಳು, ಕಾಗೆ ಮುಟ್ಟಿತ್ತು" ಎಂದು ಮತ್ತೊಂದು ಕಾರ್ಡು ಹಾಕಿದರೆ ಮುಗಿಯಿತು. ಯಾರೂ ಸಿಟ್ಟಾಗುವಂತಿಲ್ಲ, ಯಾಕೆಂದರೆ ಎಲ್ಲರೂ ಒಂದಲ್ಲ ಒಂದು ಸಲ ಹೀಗೆ ಸತ್ತವರೇ.

ಪರಪ್ಪ ಮಾಸ್ತರನ ಅಕ್ಷರ ಮುತ್ತು ಪೋಣಿಸಿದಂತೆ. ಮದುವೆಯಿರಲಿ, ಮಣ್ಣಿರಲಿ, ಅದೇ ಉತ್ಸಾಹದಿಂದ ಬರೆಯುವ ಪುಣ್ಯಾತ್ಮ. ದಡ್ಡಿ ಎಂಬ ಊರಲ್ಲಿದ್ದ ಉದ್ದವ್ವನ ತಂಗಿ ರಾಯವ್ವನಿಗೆ ಒಂದು, ಹುಕ್ಕೇರಿಯ ಸೋದರಮಾವನಿಗೆ ಒಂದು, ಹೀಗೆ ಒಂಬತ್ತು ಕಾರ್ಡು ಬರೆದು ಬೆರಳ ನೆಟಿಗೆ ಮುರಿದುಕೊಂಡ. ಆಗ ಯಲ್ಲಾರಿ ಗೂಡಿನಲ್ಲಿಟ್ಟ ಒಂದು ಗಂಟು ಬಿಚ್ಚಿ, ಅಚ್ಚು ಹಾಕಿದ ಕಾರ್ಡೊಂದನ್ನು ಮುಂದಿಟ್ಟ.

"ದವಾಖಾನಿಗೂ ಒಂದು ಬರೀರಿ ಮಾಸ್ತರ್ರ. ಹೆಂಗೂ ಈ ವರ್ಷದ್ದು ಕಳಸೂದೈತಿ."

"ಅವರ್ಯಾಕ ಅಳತಾರೋ ಯಲ್ಲಾರಿ?"

"ಯಾಕ ಅಳೂದಿಲ್ರಿ? ಅಷ್ಟು ಕಷ್ಟಪಟ್ಟು ಉಳಿಸ್ಯಾರ. ನಮ್ಮ ಬೀಗರಕಿಂತ ಚಲೋ ಅಳತಾರ."

ಉದ್ದವ್ವ ಒಂದು ಕಣ್ಣು ತೆರೆದಳು. "ಬರೀರಿ ಮಾಸ್ತರ್ರ, ಬರೀರಿ. ಡಾಕ್ಟರ್ ಅಳೂದು ಯಾರ್ ನೋಡ್ಯಾರ? ನನ್ನ ಪುಣ್ಯಾದಿಂದ ಅದೂ ಒಂದು ಆಗಲಿ," ಎಂದು ಕಿಸಕ್ಕನೆ ನಕ್ಕಳು. ಆ ನಗು ಮುಂದೆ ಅವಳಿಗೆ ಬಹಳ ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಆ ದವಾಖಾನೆಯ ಕತೆ ಹೇಳಬೇಕು. ಮೂರು ವರ್ಷದ ಹಿಂದೆ ಉದ್ದವ್ವನಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗತೊಡಗಿತು. ಮುಟ್ಟು ನಿಂತು ಆರು ವರ್ಷವಾಗಿತ್ತು. ಊರ ಹೆಂಗಸರ ಒಳಗುಟ್ಟೆಲ್ಲ ಅಂಗೈಯಲ್ಲಿಟ್ಟುಕೊಂಡ ಸೂಲಗಿತ್ತಿ, ತನ್ನದನ್ನು ಮಾತ್ರ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು. ಯಲ್ಲಾರಿಗೆ ಗೊತ್ತಾದ ಮೇಲೆ ಅವನು ಮಾಡಿದ್ದು ತಾಯತ. ತಾಯತದಲ್ಲಿ ರಕ್ತ ನಿಲ್ಲದಿದ್ದಾಗ ದೊಡ್ಡ ತಾಯತ. ಕೊನೆಗೊಮ್ಮೆ ಯಾರದೋ ಹೆರಿಗೆ ಮಾಡಿಸುತ್ತಲೇ ಅವಳು ಕಣ್ಣು ಕತ್ತಲೆಗಟ್ಟಿ ಬಿದ್ದಳು. ಬಾಣಂತಿಯೇ ಎದ್ದು ಅವಳಿಗೆ ನೀರು ಕುಡಿಸಬೇಕಾಯಿತು. ಆಮೇಲೆ ನಾಲ್ಕು ಜನ ಸೇರಿ ರೈಲು ಹತ್ತಿಸಿ, ಕೃಷ್ಣಾ ಹೊಳೆಯಾಚೆಯ ಊರಿನ ದೊಡ್ಡ ದವಾಖಾನೆಗೆ ಒಯ್ದರು.

ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಎಂದರು ಅಲ್ಲಿಯ ಡಾಕ್ಟರ್. ಅವರ ಬಳಿ ಮುಂಬಯಿಯ ದೊಡ್ಡ ಮಂದಿ ಕಳಿಸಿದ ರೇಡಿಯಂ ಇತ್ತು. ಸೀಸದ ಪೆಟ್ಟಿಗೆಯಲ್ಲಿಟ್ಟ, ಬೆಂಕಿಯಿಲ್ಲದೆ ಸುಡುವ ವಸ್ತು. ಅದರ ಸಣ್ಣ ನಳಿಗೆಗಳನ್ನು ಹುಣ್ಣಿನ ಬಾಯಿಗಿಟ್ಟು ಮೂರು ದಿನ ಅಲುಗದೆ ಮಲಗಿಸಿದರು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಇದೆಲ್ಲ ಪುಕ್ಕಟೆ, ಆದರೆ ಒಂದು ಕರಾರು.

"ಈ ಉಪಚಾರ ಹೊಸಾದು ಬಾಯಿ," ಎಂದಿದ್ದರು ಡಾಕ್ಟರ್. "ನಿಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಹನ್ನೊಂದು ಹೆಣ್ಣುಮಕ್ಕಳಿಗೆ ಕೊಟ್ಟೇವಿ. ಐದು ವರ್ಷ ನೋಡಬೇಕು. ಇದ್ದರ ರೇಡಿಯಂ ಗೆದ್ದಂಗ, ಹೋದರ ಸೋತಂಗ."

"ಮತ್ತ ಇದ್ದರ ನಾ ಗೆದ್ದಂಗ ಅಲ್ಲೇನ್ರಿ?" ಎಂದು ಕೇಳಿದಳು ಉದ್ದವ್ವ.

ಡಾಕ್ಟರಿಗೆ ಅದು ಹೊಳೆದಿರಲಿಲ್ಲ. ಕನ್ನಡಕ ಒರೆಸಿಕೊಂಡು ಐದು ಕಾರ್ಡು ಕೊಟ್ಟರು, ವರ್ಷಕ್ಕೊಂದರಂತೆ. ಅದರಲ್ಲಿ ಅಚ್ಚಾದದ್ದು ಎರಡೇ ಸಾಲು: ರೋಗಿ ಇದ್ದಾಳೆ. ರೋಗಿ ಸತ್ತಿದ್ದಾಳೆ, ತಾರೀಕು. ಬೇಡದ್ದನ್ನು ಹೊಡೆದು ಹಾಕಬೇಕು.

ಊರಿಗೆ ಬಂದ ಮೇಲೆ ನೋಡಬೇಕಿತ್ತು ಆ ಸಂಭ್ರಮ. ಹೊಟ್ಟೆಯಲ್ಲಿ ಬೆಳಕು ಇಟ್ಟಿದ್ದಾರಂತೆ ಎಂದು ಸುದ್ದಿ ಹಬ್ಬಿ, ಒಂದು ತಿಂಗಳು ದೀಪ ಹಚ್ಚುವ ಹೊತ್ತಿಗೆ ಜನ ಯಾವುದೋ ನೆವ ಮಾಡಿಕೊಂಡು ಅವಳ ಮನೆಗೆ ಬರುತ್ತಿದ್ದರು. ಒಬ್ಬರಿಗೆ ಉಪ್ಪು ಬೇಕು, ಒಬ್ಬರಿಗೆ ಕೆಂಡ ಬೇಕು. ಕಣ್ಣು ಮಾತ್ರ ಅವಳ ಸೀರೆಯ ನಿರಿಗೆಯ ಮೇಲೆ. "ಕಂದೀಲ ಮನಿಯಾಗ ಐತಿ, ನನ್ನ ಹೊಟ್ಟ್ಯಾಗಿಲ್ಲ. ನಡೀರಿ," ಎಂದು ಉದ್ದವ್ವ ಓಡಿಸುತ್ತಿದ್ದಳು. ರಕ್ತ ನಿಂತಿತು, ಮೈ ತುಂಬಿಕೊಂಡಿತು, ಮತ್ತೆ ಹೆರಿಗೆಗೆ ಕರೆ ಬಂತು. ಮೊದಲ ವರ್ಷದ ಕಾರ್ಡು "ಇದ್ದಾಳೆ" ಎಂದು ಹೋಯಿತು. ಎರಡನೆಯದು ಹೋಗುವ ಹೊತ್ತಿಗೆ ಸರಿಯಾಗಿ ಆ ಹಾಳು ಕಾಗೆ ಬಂತು.

ನೆಂಟರು ಪದ್ಧತಿಯಂತೆ ಸುದ್ದಿಯ ಕಾರ್ಡನ್ನು ಹೊಸ್ತಿಲಾಚೆಗೇ ಓದಿ, ಅತ್ತು, ಹರಿದು ಬಿಸಾಕಿದರು. ದವಾಖಾನೆಯವರಿಗೆ ಎಲ್ಲಿಯ ಪದ್ಧತಿ? ಜೋಪಾನವಾಗಿ ವಹಿಗೆ ಅಂಟಿಸಿಟ್ಟರು. ಎರಡು ದಿನದ ಮೇಲೆ ನೆಂಟರಿಗೆಲ್ಲ ಸುಳ್ಳೆಂದು ಮರುಕಾರ್ಡು ಹೋಯಿತು. ದವಾಖಾನೆಗೆ ಹೋಗಲಿಲ್ಲ. ಯಾಕಂತೀರಾ? ಯಲ್ಲಾರಿ ಕಾಯಿದೆಯ ಮನುಷ್ಯ.

"ಡಾಕ್ಟರ್ರು ವರ್ಷಕ್ಕ ಒಂದ ಅಂದಾರ. ಎರಡ ಕಳಿಸಿದರ ಅವರ ಹಿಸೇಬ ಕೆಡತೈತಿ. ಮುಂದಿನ ವರ್ಷದ್ದರಾಗ 'ಇದ್ದಾಳ' ಅಂತ ಬರದರಾತು."

ಒಂದು ವರ್ಷ ಸತ್ತಿದ್ದು ಮರುವರ್ಷ ಎದ್ದು ಬರುವುದು ಅವನಿಗೆ ತೊಡಕಿನ ಮಾತೆನಿಸಲಿಲ್ಲ. ಎಂಥ ತಲೆ! ಒಡೆದು ನೋಡಿದ್ದರೆ ಒಳಗೆ ಬರೀ ಹೊಟ್ಟು ಇರುತ್ತಿತ್ತು.

ಐದು ತಿಂಗಳು ಕಳೆಯಿತು. ಒಂದು ದಿನ ದಡ್ಡಿಯಿಂದ ತಂಗಿ ರಾಯವ್ವ ಬಂದಳು. ಮೂವತ್ತೆಂಟರ ಹೆಂಗಸು, ಕೊನೆಯ ಮಗಳಿಗಿನ್ನೂ ನಾಲ್ಕು ವರ್ಷ. ಅಕ್ಕನನ್ನು ಹಿತ್ತಲಿಗೆ ಕರೆದು, ಕುಪ್ಪಸ ಸಡಿಲಿಸಿ, ಎಡ ಮೊಲೆಯ ಮೇಲೆ ಅವಳ ಕೈ ಹಿಡಿದಿಟ್ಟಳು. ಉದ್ದವ್ವನ ಬೆರಳಿಗೆ ಗೋಲಿಯಷ್ಟು ಗಂಟು ಸಿಕ್ಕಿತು. ನೋಯುತ್ತಿರಲಿಲ್ಲ. ನೋಯುವುದಿಲ್ಲ ಎಂಬುದೇ ಅವಳನ್ನು ಹೆದರಿಸಿತು.

"ನಾಳಿಗೇ ಹೋಗ. ನಾ ಹೋದ ದವಾಖಾನಿಗೇ. ನನ್ನ ಹೆಸರು ಹೇಳು, ಗುರುತ ಐತಿ," ಎಂದು ರಾಯವ್ವನನ್ನು ಅವಳ ಗಂಡ ಕರೆಪ್ಪನ ಜತೆಗೆ ಕಳಿಸಿದಳು.

ನಾಲ್ಕನೆಯ ದಿನಕ್ಕೆ ಇಬ್ಬರೂ ಹೋದಂತೆಯೇ ತಿರುಗಿ ಬಂದರು. ರಾಯವ್ವ ಅಳುತ್ತಿದ್ದಳು. ಕರೆಪ್ಪನಿಗೆ ಒಳಗೊಳಗೇ ಹಗುರಾಗಿತ್ತು. ದವಾಖಾನೆ ತಪ್ಪಿದರೆ ಯಾವ ಗಂಡಸಿಗೆ ಸಂತೋಷವಾಗುವುದಿಲ್ಲ!

"ನಿಮ್ಮ ಕಡೆ ಹೆಣ್ಣುಮಕ್ಕಳಿಗೆ ರೇಡಿಯಂ ಬಂದ್ ಮಾಡೇವಿ ಅಂದ್ರು ಅಕ್ಕಾರ," ಎಂದ. "ಹನ್ನೊಂದರಾಗ ಏಳು ಮಂದಿ ಸತ್ತಾರಂತ. ನಿಮ್ಮ ಹೆಸರು ಹೇಳಿದ್ನಿ. ಕಾರಕೂನ ವಹಿ ತೆಗದು, ಆಕಿನೂ ಸತ್ತಾಳ ಅಂದ. ನಿನ್ನಿ ಆಕಿ ಕೈಯಾಗಿನ ರೊಟ್ಟಿ ತಿಂದು ಬಂದೇನ್ರಿ ಅಂದ್ನಿ. ಆಕಿ ಬ್ಯಾರೆ ಯಾರರ ಇರಬೇಕು, ಚಲೋತಂಗ ನೋಡಿಕೋ ಅಂದ."

ಉದ್ದವ್ವ ಎದ್ದಳು. ಆಮೇಲೆ ಯಲ್ಲಾರಿ ಕೇಳಿಸಿಕೊಂಡದ್ದನ್ನು ಬರೆದರೆ ಈ ಹಾಳೆ ಹೊತ್ತಿಕೊಂಡೀತು. ಅವನ ಏಳು ತಲೆಮಾರನ್ನು ಒಂದೊಂದಾಗಿ ಎಬ್ಬಿಸಿ ಬೈದು ಮಲಗಿಸಿದಳು. ಪರಪ್ಪ ಮಾಸ್ತರ ಸಾಲೆಯ ಹಿಂಬಾಗಿಲಿಂದ ಓಡಿಹೋಗಲು ನೋಡಿದ, ಬಿಡಲಿಲ್ಲ. ಬೈದು ಬೈದು ಸಾಕಾದ ಮೇಲೆ ಕಟ್ಟೆಯ ಮೇಲೆ ಕೂತು, "ಬರೀರಿ ಅಂದಾಕಿ ನಾನ. ನಕ್ಕಾಕಿನೂ ನಾನ," ಎಂದು ಹಣೆ ಹಣೆ ಬಡಿದುಕೊಂಡಳು. ಅವಳು ಅಳುವುದನ್ನು ಮಮದಾಪುರ ಅದೇ ಮೊದಲು ಕಂಡದ್ದು.

ಮರುದಿನ ತಂಗಿಯನ್ನು ಕರೆದುಕೊಂಡು, ಮಾಸ್ತರನನ್ನು ಎಳೆದುಕೊಂಡು, ದವಾಖಾನೆಯ ಕಾರಕೂನನ ಮೇಜಿನ ಮುಂದೆ ನಿಂತಳು.

"ನಾನ ಉದ್ದವ್ವ. ಸತ್ತಿಲ್ಲ. ನೋಡ್ರಿ, ನೋಡಿ ಬರಕೋರಿ."

ಕಾರಕೂನ ಅವಳನ್ನು ನೋಡಲಿಲ್ಲ, ವಹಿ ನೋಡಿದ. "ಹಂಗ ಬಾಯಿಲೆ ಹೇಳಿದರ ನಡಿಯೂದಿಲ್ಲ. ಬದುಕಿದ್ದಕ್ಕ ಬರವಣಿಗಿ ಬೇಕು."

ಅದಕ್ಕಾಗಿಯೇ ಮಾಸ್ತರ ಬಂದಿದ್ದ. ಸದರಿ ಉದ್ದವ್ವ ಕೋಂ ಯಲ್ಲಾರಿ ಜೀವಂತ ಇರುತ್ತಾಳೆ ಎಂದು ಅಲ್ಲಿಯೇ ಕೂತು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟ. ಕಾರಕೂನ ಅದನ್ನು ಸಾವಿನ ಕಾರ್ಡಿನ ಪಕ್ಕಕ್ಕಿಟ್ಟು ಹುಬ್ಬು ಏರಿಸಿದ.

"ಎರಡೂ ಒಬ್ಬನ ಕೈದ್ದು. ಸತ್ತಾಳ ಅಂದಾವನೂ ನೀನ, ಇದ್ದಾಳ ಅನ್ನಾವನೂ ನೀನ. ಯಾವಾಗ ಸುಳ್ಳು ಹೇಳಿದಿ?"

ಮಾಸ್ತರ ಬೆವೆತುಹೋದ. ಜನ್ಮದಲ್ಲಿ ಮೊದಲ ಸಲ ಅವನಿಗೆ ತನ್ನ ಅಕ್ಷರದ ಮೇಲೆ ಸಿಟ್ಟು ಬಂತು.

ಗದ್ದಲ ಕೇಳಿ ಡಾಕ್ಟರ್ ಹೊರಗೆ ಬಂದರು. ಉದ್ದವ್ವನ ಮುಖವನ್ನು ಹಿಂದೆ ಮುಂದೆ ನೋಡಿ, ನೆನಪಾಗುತ್ತಿಲ್ಲ ಎಂದು ತಲೆಯಾಡಿಸಿದರು. ಪಾಪ, ಅವರಿಗೆ ಹೆಂಗಸರ ಮುಖ ನೋಡುವ ರೂಢಿಯೇ ಇರಲಿಲ್ಲ. ನರ್ಸಮ್ಮ ಪರದೆಯ ಹಿಂದೆ ಕರೆದೊಯ್ದಳು, ಡಾಕ್ಟರ್ ಪರೀಕ್ಷೆ ಮಾಡಿದರು. ನೋಡಿದ್ದೇ ತಡ, ಕಳೆದ ಕರು ಸಿಕ್ಕವರಂತೆ ಕೂಗಿದರು. "ಹೌದು, ಹೌದು! ಇದು ನನ್ನ ಕೆಲಸಾನ! ಎಷ್ಟು ಛಂದ ಮಾಯ್ದೈತಿ ನೋಡ್ರಿ ಸಿಸ್ಟರ್!"

"ಮ್ಯಾಲಿನ ಮಾರಿನೂ ಒಂದೀಟು ನೋಡಿಟ್ಟುಕೋರಿ ಸಾಹೇಬ್ರ, ಮುಂದಿನ ಸಲ ಬೇಕಾದೀತು," ಎಂದಳು ಉದ್ದವ್ವ.

ಕಾಗೆಯ ವಿಷಯ ಕೇಳಿದ ಡಾಕ್ಟರ್ ತಲೆಯ ಮೇಲೆ ಕೈ ಹೊತ್ತು ಕೂತರು. ಎರಡು ವರ್ಷದಿಂದ ಅಳೆದು, ತೂಗಿ, ತಾಸು ಮಿನಿಟು ಎಣಿಸಿ ಕೊಟ್ಟ ಉಪಚಾರ. ಅದರ ಫಲವನ್ನು ನಿರ್ಣಯಿಸಿದ್ದು ಮಮದಾಪುರದ ಕಾಗೆ. ಆಮೇಲೆ ರಾಯವ್ವನ ಗಂಟು ಮುಟ್ಟಿ ನೋಡಿದರು.

"ಇನ್ನೂ ಸಣ್ಣದೈತಿ. ಈಗ ಸುತ್ತ ರೇಡಿಯಂ ಸೂಜಿ ಇಟ್ಟರ ಉಳಿಯೂ ಆಶಾ ಐತಿ. ತಡಾ ಆದರ ನಾ ಏನೂ ಹೇಳಾಕ ಆಗೂದಿಲ್ಲ."

"ಹಂಗಾದರ ಇಡ್ರಲ್ಲ! ಪೆಟ್ಟಿಗಿ ಅಲ್ಲೇ ಐತಿ."

"ಹುಕುಂ ಇಲ್ಲ ಬಾಯಿ. ಹನ್ನೊಂದರಾಗ ಏಳು ಹೋದರು ಅಂತ ಮುಂಬಯಿಯವರು ನಿಮ್ಮ ಸೀಮಿ ಬಂದ್ ಮಾಡ್ಯಾರ. ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದಾರ ಅಂತ ತೋರಿಸಿದರ ಅವತ್ತ ಚಾಲೂ ಮಾಡಾಕ ಬಿಡತಾರ. ಇದ್ದವರು ನಾಕು, ನೀ ಬಂದಿ ಅಂದರ ಐದು. ಇನ್ನೊಬ್ಬಾಕಿ ಬೇಕು. ಬರೂ ಸೋಮವಾರ ನನ್ನ ಲೆಕ್ಕದ ತಖ್ತೆ ಮುಂಬಯಿಗೆ ಹೋಗತೈತಿ."

ಎದುರಿಗೆ ಕೂತ ಹೆಂಗಸಿನ ಎದೆಯಲ್ಲಿ ಗಂಟಿದೆ, ಗಜ ದೂರದಲ್ಲಿ ಔಷಧವಿದೆ, ನಡುವೆ ಐದು ಆರಾಗಬೇಕಾಗಿದೆ. ಓದಿದವರ ಮೂರ್ಖತನ ಓದದವರದಕ್ಕಿಂತ ಬಲು ಅಚ್ಚುಕಟ್ಟು. ಉದ್ದವ್ವ ವಾದ ಮಾಡಲಿಲ್ಲ. ಸತ್ತ ಆರು ಮಂದಿಯ ಊರು, ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡಳು. ತಂಗಿಯನ್ನು ದವಾಖಾನೆಯ ಧರ್ಮಶಾಲೆಯಲ್ಲೇ ಬಿಟ್ಟು ಊರಿಗೆ ತಿರುಗಿದಳು.

ಐದು ದಿನ ಸಿಕ್ಕ ಚಕ್ಕಡಿ ಹತ್ತಿ, ಸಿಗದಲ್ಲಿ ನಡೆದು ಅಲೆದಳು. ಸೂಲಗಿತ್ತಿಯಾದ್ದರಿಂದ ಯಾವ ಮನೆಯ ಅಡಿಗೆಮನೆಗೂ ಅವಳಿಗೆ ದಾರಿಯಿತ್ತು. ಹುಕ್ಕೇರಿಯ ಇಬ್ಬರು ಖರೆಯೇ ತೀರಿಹೋಗಿದ್ದರು. ಗೋಕಾಕದಲ್ಲಿ ಒಬ್ಬಳು ಬಹಳ ನರಳಿ ಹೋಗಿದ್ದಳು. ಅವಳ ಮಗಳ ಹತ್ತಿರ ಉದ್ದವ್ವ ಬಹಳ ಹೊತ್ತು ಕೂತಳು. ಇನ್ನೊಬ್ಬಳು ಹುಣ್ಣು ಮಾಯ್ದು, ದುಂಡುದುಂಡಾಗಿ ಓಡಾಡಿಕೊಂಡಿದ್ದು, ಅತ್ತೆಯ ಕಾಟಕ್ಕೆ ಬಾವಿ ನೋಡಿಕೊಂಡಿದ್ದಳು. ದವಾಖಾನೆಯ ವಹಿಯಲ್ಲಿ ಅದೂ ರೇಡಿಯಂ ಸೋತದ್ದೇ. ಐದನೆಯವಳು ಹೋದ ಮಳೆಗಾಲದಲ್ಲೇ ಮಣ್ಣಾಗಿದ್ದಳು.

ಉಳಿದವಳು ಕೌಜಲಗಿಯ ಅಲ್ಲವ್ವ. ಗಂಡನ ಮನೆಗೆ ಹೋದರೆ ಹೊಸ ಹೆಂಡತಿ ಕುಳಿತಿದ್ದಳು. "ಹಿಂದಿನಾಕಿ ಸತ್ತು ವರ್ಷಾತು," ಎಂದ ಗಂಡ, ಹಲ್ಲಿಗೆ ಕಡ್ಡಿ ಹಾಕುತ್ತ. ಅವನ ಮುಖದಲ್ಲಿ ದುಃಖದ ಸುಳಿವಿರಲಿ, ಅದು ಕೂತು ಎದ್ದು ಹೋದ ಗುರುತೂ ಇರಲಿಲ್ಲ. ಹಿತ್ತಲಲ್ಲಿ ನೆರೆಯವಳು ಉದ್ದವ್ವನ ಕಿವಿಯಲ್ಲಿ ಹೇಳಿದಳು: ಸತ್ತಿಲ್ಲ, ಮೂಡಲಗಿಯ ಸಂತೆಯಲ್ಲಿ ಶೇಂಗಾ ಹುರಿದು ಮಾರುತ್ತಾಳೆ.

ಹೌದು, ಮಾರುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ಉದ್ದವ್ವ ಎಲ್ಲ ಹೇಳಿದ್ದನ್ನು ಕೇಳಿ, ಬುಟ್ಟಿ ಝಾಡಿಸಿದಳು.

"ದವಾಖಾನಿಯಿಂದ ಬಂದ ಮ್ಯಾಲೆ, ಸುಟ್ಟ ಹೊಟ್ಟಿ ನನಗ ಬ್ಯಾಡ ಅಂತ ಬಡದು ಹೊರಗ ಹಾಕಿದ. ಹೊಸಾಕಿ ತವರಿನವರಿಗೆ ತೋರಸಾಕ ನಾ ಸತ್ತೇನಿ ಅಂತ ದವಾಖಾನಿ ಕಾರ್ಡ್ ಬರದ. ಬರೀಲಿ. ಅವತ್ತಿಂದ ಮೈಮ್ಯಾಲೆ ಒಂದು ಬಾಸುಂಡಿ ಇಲ್ಲ ನನಗ. ಸತ್ತಾಕಿಗೆ ಯಾರೂ ಬಡಿಯೂದಿಲ್ಲ, ಅಕ್ಕಾ. ಈಗ ಇದ್ದೇನಿ ಅಂತ ಬರಿಸಿದರ ಆ ಕಾಗದ ಎಲ್ಲಿ ಹೋಗತೈತಿ? ಅವನ ಮನಿಗೇ. ಇಷ್ಟು ಶೇಂಗಾ ಮಾರಿ ಉಣ್ಣಾಕತ್ತೇನಿ, ಅದನೂ ಕಸಕೊಳ್ಳಾಕ ಬರತಾನ. ನಾ ಬರೂದಿಲ್ಲ."

ಅಲ್ಲವ್ವ ಹೇಳಿದ್ದು ಖರೆಯಿತ್ತು. "ನನ್ನ ತಂಗಿಗೆ ನಾಕು ವರ್ಷದ ಮಗಳದಾಳ," ಎಂದಷ್ಟೇ ಹೇಳಿ, ಉದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಲ್ಲವ್ವ ಶೇಂಗಾ ಅಳೆಯುತ್ತಲೇ ಇದ್ದಳು.

ಸೋಮವಾರ ಬಂತು. ಉದ್ದವ್ವ ಬರಿಗೈಯಲ್ಲಿ ದವಾಖಾನೆಗೆ ಹೋದಳು. ಧರ್ಮಶಾಲೆಯ ಬಾಗಿಲಲ್ಲೇ ನಿಂತಿದ್ದ ರಾಯವ್ವ ಅಕ್ಕನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ. "ಹೋಗಲಿ ಬಿಡಕ್ಕಾ," ಎಂದಳು. ಅಕ್ಕನನ್ನೇ ಸಮಾಧಾನ ಮಾಡುವ ದನಿ ಅದು. ಒಳಗೆ ಕಾರಕೂನ "ಜೀವಂತ: ಐದು" ಎಂದು ಬರೆದು ಮಸಿ ಒಣಗಲೆಂದು ಊದುತ್ತಿದ್ದ.

ಮಧ್ಯಾಹ್ನದ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ದೊಡ್ಡ ದನಿ ಕೇಳಿಸಿತು. "ಸತ್ತವರ ವಹಿ ಎಲ್ಲೈತ್ರಿ?"

ಅಲ್ಲವ್ವ. ಬಗಲಲ್ಲಿ ಶೇಂಗಾದ ಬುಟ್ಟಿಯೂ ಇತ್ತು. ಉದ್ದವ್ವನ ಕಡೆ ನೋಡಲಿಲ್ಲ, ರಾಯವ್ವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಡಾಕ್ಟರ್ ಓಡಿ ಬಂದರು. ಪರದೆಯ ಹಿಂದೆ ಪರೀಕ್ಷೆಯಾಯಿತು. ಖರೆಯೇ ಅವರದೇ ಕೆಲಸ, ಛಂದ ಮಾಯ್ದಿತ್ತು. ಕಾರಕೂನ ಹೊಸ ಹಾಳೆ ತೆಗೆದುಕೊಂಡ.

"ಅಲ್ಲವ್ವ. ಜೀವಂತ. ಗಂಡನ ಹೆಸರು, ಪತ್ತೆ?"

"ಪತ್ತೆ ಮೂಡಲಗಿ ಸಂತಿ ಅಂತ ಬರೀರಿ. ಗಂಡನ ಜಾಗಾದಾಗ 'ಸತ್ತಾನ' ಅಂತ ಬರೀರಿ."

ಕಾರಕೂನ ಲೇಖನಿ ಎತ್ತಿ ಹಿಡಿದು ಡಾಕ್ಟರನ್ನು ನೋಡಿದ. ಡಾಕ್ಟರ್ ಕಿಟಕಿಯಾಚೆ ನೋಡಿದರು.

"ಸತ್ತದ್ದಕ್ಕ ತಾರೀಕು ಬೇಕಾಗತೈತಿ," ಎಂದ ಕಾರಕೂನ, ಸಣ್ಣ ದನಿಯಲ್ಲಿ.

"ನಾ ಸತ್ತದ್ದು ಅಂವ ಯಾವ ತಾರೀಕು ಬರದಾನ? ಅದನ್ನ ಹಾಕ್ರಿ," ಎಂದಳು ಅಲ್ಲವ್ವ.

ಕಾರಕೂನ ಬರೆದುಕೊಂಡ. ಆಮೇಲೆ ಐದನ್ನು ಹೊಡೆದು ಆರು ಮಾಡಿದ. ನರ್ಸಮ್ಮ ಬಂದು ರಾಯವ್ವನ ಹೆಸರು ಹಿಡಿದು ಒಳಗೆ ಕರೆದಳು.